ಚರ್ಚಿನ ಸ್ಕೌಟ್ ಗುಂಪು ನೋಡಿಕೊಂಡು ಬಂದ ಮೇಲೆ

ಟ್ರೇಲ್ ಲೈಫ್ ಯುಎಸ್‌ಎ ಅಂತ ಒಂದಿದೆ. ಅಮೆರಿಕದ ಕ್ರಿಶ್ಚಿಯನ್ ಹುಡುಗರ ಸ್ಕೌಟಿಂಗ್ ಗುಂಪು. ಮಗನನ್ನು ಕರೆದುಕೊಂಡು ಅದರ ಮೀಟಿಂಗಿಗೆ ಹೋಗಿ ಬಂದೆ ಅಂತ ನಮ್ಮ ನಾರ್ತ್ ಕೆರೊಲಿನಾದ ಶಾರ್ಲೆಟ್ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇ ತಡ, ಶುರುವಾಯಿತು. ಒಬ್ಬರಿಗೆ ಮತಾಂತರದ ಭಯ, ಇನ್ನೊಬ್ಬರಿಗೆ ಅಲ್ಲಿ ಫೀಸ್ ಎಷ್ಟು ಅನ್ನುವ ಕುತೂಹಲ. ಊರಿಂದ ಅಮ್ಮನ ಫೋನು ಬೇರೆ: 'ಅಲ್ಲ ಕಣೋ, ದೇವಸ್ಥಾನಕ್ಕೆ ಕರ್ಕೊಂಡು ಹೋಗೋಕೆ ಟೈಮಿಲ್ಲ ಅಂತೀಯ, ಚರ್ಚಿಗೆ ಟೈಮ್ ಸಿಕ್ತಾ?' ಎಲ್ಲರಿಗೂ ಬಿಡಿ ಬಿಡಿಯಾಗಿ ಉತ್ತರ ಕೊಡುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಹೋಗಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ. ಮಗನ ಕ್ಲಾಸಿನ ಹುಡುಗನೊಬ್ಬ ಕರೆದ, ಅವರಪ್ಪನೂ ಫೋನ್ ಮಾಡಿ ಕರೆದರು. 'ನಾವು ಹಿಂದೂಗಳು' ಅಂತ ಮೊದಲೇ ಹೇಳಿದೆ. 'ಹುಡುಗರು ಯಾವ ಧರ್ಮದವರಾದರೂ ಸೇರಬಹುದು, ಆದರೆ ಇಲ್ಲಿ ನಡೆಯೋದು ಕ್ರಿಸ್ತನ ಹೆಸರಲ್ಲಿ, ಅದನ್ನ ಮುಚ್ಚಿಡಲ್ಲ' ಅಂದರು. ಆ ಮಾತು ನನಗೆ ಹಿಡಿಸಿತು.

ಇದರ ಹಿನ್ನೆಲೆ ಗೊತ್ತಿಲ್ಲದವರಿಗೆ: 2013ರ ಮೇ ತಿಂಗಳಲ್ಲಿ ಇಲ್ಲಿನ ಹಳೇ ಸ್ಕೌಟ್ ಸಂಸ್ಥೆ ಬಾಯ್ ಸ್ಕೌಟ್ಸ್ ಆಫ್ ಅಮೆರಿಕದವರು ಸಲಿಂಗಿ ಹುಡುಗರನ್ನೂ ಸೇರಿಸಿಕೊಳ್ಳುತ್ತೇವೆ ಅಂತ ತೀರ್ಮಾನ ಮಾಡಿದರು. ಅದು ಒಪ್ಪಿಗೆಯಾಗದವರು ಹೊರಗೆ ಬಂದು ಕಟ್ಟಿದ್ದು ಈ ಟ್ರೇಲ್ ಲೈಫ್. 2014ರ ಜನವರಿ 1ರಂದು ಶುರುವಾಯಿತು. ಹೆಡ್ ಆಫೀಸ್ ಪಕ್ಕದ ಸೌತ್ ಕೆರೊಲಿನಾದ ಬೆಲ್ಟನ್‌ನಲ್ಲಿದೆ. ಒಡೆದು ಬಂದ ಕಾರಣ ನನಗೆ ಒಪ್ಪಿಗೆ ಇಲ್ಲ, ಅದನ್ನು ಅವತ್ತು ಅಲ್ಲಿ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಹದಿನಾಲ್ಕು ವರ್ಷದ ಹುಡುಗ ಎಂಥವನು ಅಂತ ನೋಡಿ ಬಾಗಿಲು ಹಾಕುವುದು ಯಾವ ದೇವರಿಗೆ ಪ್ರೀತಿಯೋ ಗೊತ್ತಿಲ್ಲ. ಹಾಗಂತ ಹಳೇ ಬಾಯ್ ಸ್ಕೌಟ್ಸ್ ಏನು ಚಿನ್ನವೂ ಅಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳಿಂದ 2020ರಲ್ಲಿ ದಿವಾಳಿ ಅರ್ಜಿ ಹಾಕಿದರು, 80 ಸಾವಿರಕ್ಕೂ ಜಾಸ್ತಿ ಜನ ದೂರು ಸಲ್ಲಿಸಿದರು. ಈಗ ಹೆಸರನ್ನೂ ಸ್ಕೌಟಿಂಗ್ ಅಮೆರಿಕ ಅಂತ ಬದಲಾಯಿಸಿಕೊಂಡಿದ್ದಾರೆ.

ಇನ್ನು ಮೀಟಿಂಗು. ಚರ್ಚಿನ ಹಿಂದಿನ ಹಾಲ್. ಮೊದಲು ಬಾವುಟಕ್ಕೆ ಪ್ರತಿಜ್ಞೆ, ಆಮೇಲೆ ಪ್ರಾರ್ಥನೆ. ಎಲ್ಲರೂ ಕಣ್ಣು ಮುಚ್ಚಿದ್ದರು, ನನ್ನ ಮಗ ಮಾತ್ರ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ನಾನೂ ಕಣ್ಣು ಬಿಟ್ಟಿದ್ದೆ ಅನ್ನಿ. ಆಮೇಲೆ ವಯಸ್ಸಿನ ಪ್ರಕಾರ ಬೇರೆ ಬೇರೆಯಾದರು. ಒಂದನೇ ಕ್ಲಾಸಿನವರೆಗೆ ಫಾಕ್ಸ್, ಎರಡು-ಮೂರನೇ ಕ್ಲಾಸಿನವರು ಹಾಕ್, ನಾಲ್ಕು-ಐದನೇ ಕ್ಲಾಸಿನವರು ಮೌಂಟನ್ ಲಯನ್. ಇನ್ನೂ ದೊಡ್ಡವರು ನ್ಯಾವಿಗೇಟರ್, ಹೈಸ್ಕೂಲಿನವರು ಅಡ್ವೆಂಚರರ್. ನಮ್ಮವನು ಮೌಂಟನ್ ಲಯನ್ ಮೇಜಿನ ಹತ್ತಿರ ಹೋಗಿ ಕೂತ.

ಅವತ್ತಿನ ಪಾಠ ಚಾಕು. ಮಡಚುವ ಚಾಕು, ನಿಜವಾದದ್ದು. ಮೊದಲು ಎದ್ದು ನಿಂತು, ಮಡಚಿದ ಚಾಕುವನ್ನು ಕೈಯಲ್ಲಿ ಹಿಡಿದು, ತೋಳು ಪೂರ್ತಿ ಚಾಚಿ, ನಿಧಾನಕ್ಕೆ ಒಂದು ಸುತ್ತು ತಿರುಗಬೇಕು. ಯಾರಿಗೂ ತಗಲಲಿಲ್ಲ ಅಂದರೆ ಮಾತ್ರ ಕೂತು ಚಾಕು ಬಿಚ್ಚಬಹುದು. ಮಧ್ಯೆ ಯಾರಾದರೂ ಆ ಸುತ್ತಿನೊಳಗೆ ಕಾಲಿಟ್ಟರೆ ಚಾಕು ಮಡಚಿ ಕೆಳಗಿಡಬೇಕು. ಆಮೇಲೆ ಎಲ್ಲರಿಗೂ ಒಂದೊಂದು ಬಿಳಿ ಸೋಪು ಕೊಟ್ಟರು. ಚಾಕುವಿನ ಅಲಗು ಯಾವಾಗಲೂ ಮೈಯಿಂದ ಆಚೆಗೆ ಹೋಗಬೇಕು, ಹೆಬ್ಬೆರಳು ಅಲಗಿನ ದಾರಿಯಲ್ಲಿ ಇರಬಾರದು. ನಮ್ಮ ಮನೆಯಲ್ಲಿ ಸೇಬು ಕೂಡ ಕತ್ತರಿಸಿಯೇ ಕೈಗೆ ಕೊಡುವುದು! ಆ ಹುಡುಗ ನಾಲಿಗೆ ಕಚ್ಚಿಕೊಂಡು, ಉಸಿರು ಹಿಡಿದು, ಸೋಪಿನಲ್ಲಿ ಮೀನೋ ದೋಣಿಯೋ ಗೊತ್ತಾಗದ ಏನನ್ನೋ ಕೆತ್ತುತ್ತಿದ್ದ. ಪಕ್ಕದಲ್ಲಿ ಒಬ್ಬರು ಮಂಡಿಯೂರಿ ಕೂತು ನೋಡುತ್ತಿದ್ದರು. ಅವನ ಕೈಯಿಂದ ಒಂದು ಸಲವೂ ಚಾಕು ಕಿತ್ತುಕೊಳ್ಳಲಿಲ್ಲ. ತಪ್ಪು ಹಿಡಿದಾಗ 'ಹೆಬ್ಬೆರಳು' ಅಂತ ಒಂದೇ ಮಾತು.

ನಾನು ಕೂತಲ್ಲಿಂದಲೇ ಗಂಡಸರನ್ನು ಎಣಿಸಲು ಶುರು ಮಾಡಿದೆ. ಎಷ್ಟು ಹುಡುಗರೋ ಹತ್ತಿರ ಹತ್ತಿರ ಅಷ್ಟೇ ಅಪ್ಪಂದಿರು. ಒಬ್ಬರು ಪ್ಲಂಬರ್, ಒಬ್ಬರು ಬ್ಯಾಂಕಿನವರು, ಒಬ್ಬರು ರಾತ್ರಿ ಪಾಳಿ ಮುಗಿಸಿ ಹಗಲು ಎರಡು ಗಂಟೆ ಮಲಗಿ ಎದ್ದು ಬಂದವರು. ಸಂಬಳ ಇಲ್ಲ. ಮಕ್ಕಳ ಸುರಕ್ಷತೆಯ ತರಬೇತಿ ಮುಗಿಸಿದ ಮೇಲೇ ಹುಡುಗರ ಜೊತೆ ಬಿಡುವುದು. ಯಾವ ಹುಡುಗನ ಜೊತೆಯೂ ದೊಡ್ಡವರು ಒಬ್ಬರೇ ಇರುವ ಹಾಗಿಲ್ಲ.

ಈ ಥರದ್ದು ಹೊಸದೂ ಅಲ್ಲ. 1883ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಅನ್ನುವವರು ಸಂಡೇ ಸ್ಕೂಲಿನಲ್ಲಿ ಮಾತು ಕೇಳದ ಹುಡುಗರಿಗೆ ಡ್ರಿಲ್ ಕಲಿಸಿ ಬಾಯ್ಸ್ ಬ್ರಿಗೇಡ್ ಕಟ್ಟಿದರು. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಅವರ ತಲೆಯಲ್ಲಿ ಅದು ಮೊಳೆಯೋದಕ್ಕೆ ಆ ಹುಡುಗರನ್ನು ನೋಡಿದ್ದೂ ಒಂದು ಕಾರಣ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಅವರ ಮೊದಲ ಕ್ಯಾಂಪ್, 1909ಕ್ಕೆ ನಮ್ಮ ಬೆಂಗಳೂರಿನಲ್ಲೇ ಭಾರತದ ಮೊದಲ ಸ್ಕೌಟ್ ದಳ, ಅದೂ ಮೊದಮೊದಲು ಬ್ರಿಟಿಷ್, ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಹಾಗಾಗಿ ಚರ್ಚಿಗೂ ಸ್ಕೌಟಿಗೂ ನಂಟು ಹಳೇದು. ನಾನು ಊರಿನ ಸ್ಕೂಲಿನಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿದ್ದೆ, ಕತ್ತಿಗೆ ಸ್ಕಾರ್ಫ್, ಎಡಗೈ ಶೇಕ್ ಹ್ಯಾಂಡ್, ಕ್ಯಾಂಪಿನಲ್ಲಿ ಸರ್ವಧರ್ಮ ಪ್ರಾರ್ಥನೆ. ನಮ್ಮ ಪ್ರತಿಜ್ಞೆಯಲ್ಲೂ ದೇವರು ಇದ್ದ, ಬೇಕಾದವರು ದೇವರ ಜಾಗದಲ್ಲಿ ಧರ್ಮ ಅನ್ನಬಹುದಿತ್ತು. ಆದರೆ ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಪಿಟಿ ಮೇಷ್ಟ್ರೊಬ್ಬರೇ. ಯಾರ ಅಪ್ಪನೂ ಬಂದಿದ್ದು ನನಗೆ ನೆನಪಿಲ್ಲ.

ಮತಾಂತರದ ಮಾತಿಗೆ ಬರುತ್ತೇನೆ. ಊರಲ್ಲಿ ಕಾನ್ವೆಂಟ್ ಸೀಟಿಗೆ ಬೆಳಗ್ಗೆ ನಾಲ್ಕಕ್ಕೇ ಕ್ಯೂ ನಿಂತವರು ನಾವು. ಒಂದು ಸಂಜೆಯ ಪ್ರಾರ್ಥನೆಗೆ ಕರಗಿಹೋಗುವ ಧರ್ಮವಾದರೆ ಅದನ್ನು ಕಾಪಾಡಿ ತಾನೆ ಏನು ಪ್ರಯೋಜನ? ಅಲ್ಲಿ ಯಾರೂ ನನ್ನ ಮಗನಿಗೆ ಏನೂ ತುರುಕಲಿಲ್ಲ. ಪಿಜ್ಜಾ ಕೊಡುವಾಗ ಮಾಂಸ ತಿನ್ನಲ್ಲ ಅಲ್ವಾ ಅಂತ ಅವರೇ ಕೇಳಿ ಚೀಸ್‌ದು ತೆಗೆದಿಟ್ಟಿದ್ದರು.

ಆದರೂ ಸೇರಿಸಲಿಲ್ಲ. ಯಾಕೆ ಅಂದರೆ, ಅಲ್ಲಿ ನಾಯಕರಾಗುವ ದೊಡ್ಡವರು ಕ್ರಿಶ್ಚಿಯನ್ ನಂಬಿಕೆಯ ಹೇಳಿಕೆಗೆ ಸಹಿ ಹಾಕಬೇಕು. ನಾನು ಹಾಕಲಾರೆ, ಸುಮ್ನೆ ಹಾಕುವುದು ಅವರಿಗೂ ಅವಮಾನ, ನನಗೂ ಅವಮಾನ. ಅಂದರೆ ಮಗ ಒಳಗೆ, ನಾನು ಕೊನೇವರೆಗೂ ಪಿಜ್ಜಾ ತಂದುಕೊಡುವ ಅತಿಥಿ. ಬೇರೆ ಅಪ್ಪಂದಿರು ತಮ್ಮ ಮಕ್ಕಳ ಪಕ್ಕ ಮಂಡಿಯೂರಿ ಕೂತಿರುವಾಗ ನಾನು ಗೋಡೆ ಪಕ್ಕದ ಕುರ್ಚಿಯಲ್ಲಿ ಫೋನ್ ನೋಡಿಕೊಂಡು ಕೂರಬೇಕು. ನನಗೆ ಅಲ್ಲಿ ಇಷ್ಟವಾದದ್ದು ಯಾವುದೋ, ಅದೇ ನನಗೆ ಸಿಗಲ್ಲ. ಇದನ್ನು ಅವರ ತಪ್ಪು ಅನ್ನಲ್ಲ, ಅವರ ಮನೆ, ಅವರ ನಿಯಮ. ಕರೆದವರಿಗೆ ಹಾಗೇ ಹೇಳಿದೆ, ಅವರಿಗೆ ಅರ್ಥವಾಯಿತು.

ಮಗನಿಗೆ ಮಾತ್ರ ಅರ್ಥವಾಗಿಲ್ಲ. ಅವನ ಪ್ರಶ್ನೆ ಒಂದೇ, 'ಅಪ್ಪಾ, ಹಾಗಾದ್ರೆ ಚಾಕು ಎಲ್ಲಿ ಸಿಗುತ್ತೆ?'

ಅದಕ್ಕೆ ಉತ್ತರ ಹುಡುಕಿಕೊಂಡು ನಮ್ಮವರ ಕಡೆ ನೋಡಿದರೆ ಏನಿದೆ ಹೇಳಿ. ಭಾನುವಾರದ ಬಾಲವಿಹಾರ. ಶ್ಲೋಕ ಬಾಯಿಪಾಠ, ಕಲರಿಂಗ್ ಶೀಟು, ಕಲಿಸುವವರು ಬಹುತೇಕ ಅಮ್ಮಂದಿರೇ. ಅಪ್ಪಂದಿರು ಎಲ್ಲಿ? ಪಾರ್ಕಿಂಗ್ ಲಾಟಿನಲ್ಲಿ, ಮನೆ ಸಾಲದ ಬಡ್ಡಿ ಮತ್ತು ಗ್ರೀನ್ ಕಾರ್ಡ್ ಕ್ಯೂ ಬಗ್ಗೆ ಮಾತಾಡುತ್ತಾ. ರಾಜ್ಯೋತ್ಸವಕ್ಕೆ ಸ್ಟೇಜ್ ಕಟ್ಟುವಾಗ, ಊಟ ಬಡಿಸುವಾಗ ಎಲ್ಲರೂ ಬರುತ್ತಾರೆ, ಅದನ್ನು ಇಲ್ಲ ಅನ್ನಲ್ಲ. ಪ್ರತಿ ವಾರ, ಒಂದೂವರೆ ಗಂಟೆ, ನಮ್ಮ ಮಕ್ಕಳಿಗಲ್ಲದೆ ಬೇರೆಯವರ ಮಕ್ಕಳಿಗೂ, ಅಂದರೆ ಯಾರೂ ಇಲ್ಲ. ಪರಂಪರೆ ಉಳಿಸಬೇಕು ಅಂತ ಭಾಷಣ ಮಾಡುವ ನಾವು ಹುಡುಗರಿಗೆ ಒಂದು ಗಂಟು ಹಾಕುವುದನ್ನೂ ಕಲಿಸಿಲ್ಲ. ವಾಟ್ಸಾಪಿನಲ್ಲಿ ಮತಾಂತರ ಅಂತ ಜಾಸ್ತಿ ಕೂಗಿದವರ ಮಕ್ಕಳೇ ಶನಿವಾರ ಪೂರ್ತಿ ಐಪ್ಯಾಡ್ ಹಿಡಿದಿರುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ.

ಸ್ಕೌಟಿಂಗ್ ಅಮೆರಿಕದಲ್ಲಿ ಯಾವ ಧರ್ಮದ ಅಪ್ಪ ಅಮ್ಮಂದಿರಾದರೂ ನಾಯಕರಾಗಬಹುದು. ಹೆಣ್ಣುಮಕ್ಕಳೂ ಸೇರಬಹುದು, ನನ್ನ ಮಗಳು ಈಗಾಗಲೇ 'ನಾನ್ಯಾಕೆ ಬರಬಾರದು' ಅಂತ ಜಗಳ ತೆಗೆದಿದ್ದಾಳೆ. ಹಿಂದೂ ಮಕ್ಕಳಿಗೆ ಧರ್ಮ ಅನ್ನುವ ಹೆಸರಿನ ಪದಕವೂ ಇದೆ. ಅಲ್ಲಿ ವಿಚಾರಿಸುತ್ತಿದ್ದೇನೆ, ದಿವಾಳಿ ಕತೆ ಗೊತ್ತಿದ್ದೂ, ಅದಕ್ಕೇ ಸುರಕ್ಷತೆಯ ನಿಯಮಗಳನ್ನು ಪೂರ್ತಿ ಓದಿಕೊಂಡು. ಒಂದು ಘಟಕ ನಡೆಸೋದಕ್ಕೆ ಅಪ್ಪ ಅಮ್ಮಂದಿರು ಹಲವರು ಬೇಕು. ಕಾಮೆಂಟಿನಲ್ಲಿ ಹೃದಯ ಒತ್ತಿ ಹೋಗುವವರು ಬೇಡ. ಮಂಗಳವಾರ ಸಂಜೆ ಆರೂವರೆಗೆ ಖಾಲಿ ಇರುವ ಶಾರ್ಲೆಟ್ ಕಡೆಯವರು ಮೆಸೇಜ್ ಮಾಡಿ. ಟೆಂಟ್ ನನ್ನ ಹತ್ತಿರ ಇದೆ, ಒಲೆ ಯಾರಾದರೂ ತನ್ನಿ.