ಹಿಮಾಲಯದ ಮಳೆ ಯಾರೋ ಸುರಿಸಿದ್ದಲ್ಲ

ಹಿಮಾಲಯದಲ್ಲಿ ಜೋರು ಮಳೆಯಾದರೆ ಸಾಕು, 'ಮೋಡ ಬಿತ್ತನೆಯ ಪಿತೂರಿ' ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಇದು ನಿಜವಲ್ಲ. ಬಿತ್ತನೆ ಎಂದರೆ ಮಳೆಗಾಗಿ ಮೋಡಕ್ಕೆ ರಾಸಾಯನಿಕ ಕಣ ಸಿಂಪಡಿಸುವುದು; ಅದರಿಂದ ಮೋಡ ಹುಟ್ಟುವುದಿಲ್ಲ. ಇರುವ ಮೋಡದಿಂದ ತುಸು ಜಾಸ್ತಿ ಮಳೆ ಬರಬಹುದು, ಅಷ್ಟೇ.

ನಿಜವಾಗಿ ಬದಲಾಗುತ್ತಿರುವುದೇ ಬೇರೆ. ಮೆಡಿಟರೇನಿಯನ್ ಕಡೆಯಿಂದ ಬರುವ ಗಾಳಿಮಳೆಯ ಅಲೆಗಳು ಹೆಚ್ಚಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಿಮಾಲಯಕ್ಕೆ ಹಿಮ ತರುತ್ತವೆ. ಈಚಿನ ದಶಕಗಳಲ್ಲಿ ಅವು ಮೇ, ಜೂನ್‌ನಲ್ಲೂ ಹೆಚ್ಚು ಕಾಣಿಸಿಕೊಳ್ಳುತ್ತಿವೆ. ಆಗ ಮುಂಗಾರಿನ ತೇವವೂ ಜೊತೆಗೂಡಿದರೆ ಮಳೆ ಭೀಕರವಾಗುತ್ತದೆ. ಅದಲ್ಲದೆ ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು, ಅದೂ ಮಳೆಯನ್ನು ಜೋರಾಗಿಸುತ್ತದೆ.

ಭಯದಲ್ಲಿ ಫಾರ್ವರ್ಡ್ ಮಾಡುವುದು ಸಹಜ ಅಲ್ವಾ? ಅದಕ್ಕೂ ಮೊದಲು ಹಿಂದಿನ ಮೂರ್ನಾಲ್ಕು ದಿನದ ಉಪಗ್ರಹ ಚಿತ್ರ ನೋಡಿ. ಮೋಡಗಳು ಎಲ್ಲಿಂದ ಬಂದವು ಎಂದು ನಿಮಗೇ ಕಾಣುತ್ತದೆ. ಮಳೆಯ ಮುನ್ಸೂಚನೆ ಮೊದಲೇ ಇತ್ತೇ ಎಂದೂ ಹುಡುಕಿ.