ದಲಾಲರ ಜೊತೆ ಕರಾರು: ಮನೆ ಕೊಳ್ಳುವವರು ಸಹಿ ಹಾಕಬೇಕೇ?

ಪರ: ಯಾರ ಕಡೆಯವರೆಂದು ಮೊದಲೇ ಬರೆಸಿ

ಕಾರವಾರದ ಓಣಿಯೊಂದರಲ್ಲಿ ಹಂಚಿನ ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಕೊಳ್ಳುವವರ ಕಿವಿಗೆ ಬೀಳುವ ಹೊತ್ತಿಗೆ ಮೂರು ಬಾಯಿ ದಾಟಿರುತ್ತದೆ. ಕೋಡಿಬಾಗದವರೊಬ್ಬರು, ಸದಾಶಿವಗಡದವರೊಬ್ಬರು, ನಡುವೆ ಮನೆಯವರ ನೆಂಟರೊಬ್ಬರು. ಖರೀದಿ ಪತ್ರ ನೋಂದಣಿಯಾದ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಮೂವರೂ ದಲಾಲಿ ಕೇಳಲು ಹಾಜರು. 45 ಲಕ್ಷದ ಮನೆಗೆ ಶೇ. 1 ಎಂದರೆ 45 ಸಾವಿರ, ಶೇ. 2 ಎಂದರೆ 90 ಸಾವಿರ. ‘ಆಮೇಲೆ ನೋಡ್ಕೊಂಡು ಕೊಡಿ’ ಎಂದಿದ್ದವರ ಲೆಕ್ಕ ಆ ದಿನ ಎರಡರಿಂದಲೇ ಶುರುವಾಗುತ್ತದೆ.

ಎರಡು ಪುಟದ ಕರಾರು ಇದನ್ನು ತಡೆಯುತ್ತದೆ. ದಲಾಲಿ ಎಷ್ಟು, ಯಾವ ದಿನ, ಜಿಎಸ್‌ಟಿ ಸೇರಿಯೋ ಬಿಟ್ಟೋ, ಜೊತೆಯ ದಲಾಲರಿಗೆ ಹಂಚುವವರು ಯಾರು ಎಂಬುದೆಲ್ಲ ಅದರಲ್ಲಿರಲಿ. ಖರೀದಿ ಕರಾರು ಮಾಡಿ ಮುಂಗಡ ಕೊಟ್ಟ ಮೇಲೆ ವ್ಯವಹಾರ ಮುರಿದರೆ ದಲಾಲಿ ಕೊಡಬೇಕೇ ಎಂಬುದನ್ನು ಮರೆಯದೆ ಬರೆಸಬೇಕು. ‘ಮನೆ ತೋರಿಸಿದೆ, ನನ್ನ ಕೆಲಸ ಆಯಿತು’ ಎನ್ನುವವರಿಗೂ ‘ನೋಂದಣಿ ಆದರೇ ಕೆಲಸ ಆದಂತೆ’ ಎನ್ನುವವರಿಗೂ ಜಗಳ ಹತ್ತುವುದೇ ಅಲ್ಲಿ.

ಇನ್ನೊಂದು ಸಂಗತಿ ದುಡ್ಡಿಗಿಂತ ದೊಡ್ಡದು. ಮಾಲೀಕರಿಂದ 38 ಲಕ್ಷಕ್ಕೆ ತಾವೇ ಖರೀದಿ ಕರಾರು ಬರೆಸಿಕೊಂಡು, ನಿಮಗೆ 45 ಹೇಳಿ, ನಡುವಿನ 7 ಲಕ್ಷ ಎತ್ತಿ, ಮೇಲೆ ನಿಮ್ಮಿಂದ ದಲಾಲಿಯನ್ನೂ ಪಡೆಯುವವರಿದ್ದಾರೆ. 1872ರ ಕರಾರು ಕಾಯ್ದೆಯ 216ನೇ ಕಲಮಿನ ಪ್ರಕಾರ, ನೇಮಿಸಿದವರಿಗೆ ತಿಳಿಸದೆ ಏಜೆಂಟ್ ಅದೇ ವ್ಯವಹಾರವನ್ನು ತನಗಾಗಿ ಮಾಡಿಕೊಂಡರೆ ಆ ಲಾಭವನ್ನು ಕೇಳಬಹುದು. ಆದರೆ ಬರಹವಿಲ್ಲದಿದ್ದರೆ ‘ನಾನೆಲ್ಲಿ ನಿಮ್ಮ ಏಜೆಂಟು? ನಾನು ಮಾರುವವರ ಕಡೆಯವ’ ಎಂದುಬಿಟ್ಟರೆ ಮುಗಿಯಿತು. ಆದ್ದರಿಂದ ಮೊದಲ ಸಾಲೇ ಹೀಗಿರಲಿ: ಈ ವ್ಯವಹಾರದಲ್ಲಿ ನಾನು ಕೊಳ್ಳುವವರ ಪರ, ಮಾರುವವರಿಂದ ಏನಾದರೂ ಪಡೆದರೆ ಮುಂಚೆಯೇ ತಿಳಿಸುತ್ತೇನೆ.

ಅಮೆರಿಕದಲ್ಲಿ ರಿಯಲ್ಟರುಗಳ, ಅಂದರೆ ಮನೆ ದಲಾಲರ, ಸಂಘ ಮೊಕದ್ದಮೆಯೊಂದನ್ನು ರಾಜಿ ಮಾಡಿಕೊಂಡ ಮೇಲೆ, 2024ರ ಆಗಸ್ಟ್ 17ರಿಂದ ಮಾರಾಟದ ಮನೆಗಳ ಅವರ ಪಟ್ಟಿ ಬಳಸುವ ಏಜೆಂಟರು ಕೊಳ್ಳುವವರಿಗೆ ಮನೆ ತೋರಿಸುವ ಮೊದಲೇ ಲಿಖಿತ ಕರಾರು ಮಾಡಿಕೊಳ್ಳಬೇಕು. ಶುಲ್ಕ ಅದರಲ್ಲಿ ಸ್ಪಷ್ಟವಾಗಿರಬೇಕು. ‘ಮಾರುವವರು ಎಷ್ಟು ಕೊಟ್ಟರೆ ಅಷ್ಟು’ ಎನ್ನುವಂತಿಲ್ಲ. ನಮ್ಮಲ್ಲಿ ಹಾಗೆ ಕಡ್ಡಾಯವಿಲ್ಲ. ಹಾಗಾಗಿ ನಾವೇ ಕೇಳಿ ಬರೆಸಿಕೊಳ್ಳಬೇಕು.

ವಿರೋಧ: ಅಪಾಯ ಇರುವುದು ಜಾಗದ ಕಾಗದದಲ್ಲಿ

ಕರಾರಿನ ಕರಡು ತರುವವರು ಸಾಮಾನ್ಯವಾಗಿ ದಲಾಲರೇ. ಅದರೊಳಗೆ ಎರಡು ಸಾಲು ಹುಡುಕಿ: ಆರು ತಿಂಗಳು ಬೇರೆಯವರ ಮೂಲಕ ಮನೆ ನೋಡುವಂತಿಲ್ಲ, ಅವಧಿ ಮುಗಿದ ಮೇಲೂ ತೋರಿಸಿದ ಮನೆ ಕೊಂಡರೆ ದಲಾಲಿ ಕೊಡಬೇಕು. ಶಿರಸಿಯಂಥ ಊರಲ್ಲಿ ಮನೆಯ ಸುದ್ದಿ ಬರುವುದು ಭಾವನಿಂದಲೋ ಸೊಸೈಟಿಯಲ್ಲಿ ಅಡಿಕೆ ಬಿಡುವಾಗ ಸಿಕ್ಕವರಿಂದಲೋ. ಭಾವ ಹೇಳಿದ ಮನೆಗೂ ಶೇ. 2 ತೆರುವ ಕಾಗದಕ್ಕೆ ಸಹಿ ಏಕೆ?

ದಲಾಲಿ ನೋಂದಣಿಯ ದಿನವೇ ಕೊಡುತ್ತೇವೆ ಎಂಬ ಷರತ್ತು ಜಾಣತನದ್ದೆಂದು ತೋರುತ್ತದೆ. ಅದೇ ಷರತ್ತು ದಲಾಲರನ್ನು ಹೇಗಾದರೂ ನೋಂದಣಿ ಮುಗಿಸುವ ಆತುರಕ್ಕೆ ತಳ್ಳುತ್ತದೆ. ಚೌಕಾಸಿ ಮಾಡಿ 2 ಲಕ್ಷ ಇಳಿಸಿದರೆ ಶೇ. 1ರ ಲೆಕ್ಕದಲ್ಲಿ ಅವರಿಗೆ 2 ಸಾವಿರ ಖೋತಾ, ಮೇಲೆ ನಾಲ್ಕು ಸಲ ತಿರುಗಾಟ. ನಿಮ್ಮ ಪರ ಎಂದು ಬರೆದುಕೊಟ್ಟರೂ ಈ ಗಣಿತ ಬದಲಾಗದು.

ಉತ್ತರ ಕನ್ನಡ ಜಿಲ್ಲೆಯಲ್ಲಿ ಮನೆ ಕೊಂಡವರು ಸಿಕ್ಕಿಬೀಳುವುದು ದಲಾಲಿಯಲ್ಲಲ್ಲ, ಜಾಗದಲ್ಲಿ. ಘಟ್ಟದ ಮೇಲೆ ತೋಟದ ಪಕ್ಕದ ಮನೆ ನೋಡಲು ಚೆಂದ. ಅದು ನಿಂತಿರುವುದು ಸ್ವಂತ ಒಡೆತನದ ಮಾಲ್ಕಿ ಜಾಗದಲ್ಲೋ ಸೊಪ್ಪಿನ ಬೆಟ್ಟದಲ್ಲೋ? ಬೆಟ್ಟದಲ್ಲಿ ತೋಟಿಗರಿಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು. ಮನೆ ಕಟ್ಟಿ ಮಾರುವ ಹಕ್ಕಲ್ಲ. ಅರಣ್ಯ ಅತಿಕ್ರಮಣದ ಜಾಗವಾದರೆ ಇನ್ನೂ ಕಷ್ಟ. ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರುತ್ತದೆ; ಕಾಳಿಯಂಥ ನದಿಯ ದಂಡೆಯಲ್ಲೂ ಉಬ್ಬರದ ನೀರು ಏರುವಷ್ಟು ದೂರ ಅದು ತಪ್ಪದು. ‘ಹಳೆ ಮನೆ ಇದೆಯಲ್ಲ, ಕೆಡವಿ ಕಟ್ಟಿದರಾಯಿತು’ ಎಂಬ ಮಾತು ನಂಬಿ ಕೊಂಡವರಿಗೆ ಪರವಾನಗಿ ಸಿಗದೆಯೂ ಹೋಗಬಹುದು. ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ ಇಡೀ ಸರ್ವೆ ನಂಬರಿಗೋ ಅದರ ಒಂದು ಹಿಸ್ಸೆಗೋ, ಪಂಚಾಯಿತಿ ಕೊಟ್ಟ ಆಸ್ತಿ ದಾಖಲೆ ಕ್ರಮಬದ್ಧ ಜಾಗದ ನಮೂನೆ 11-ಎ ಆಗಿದೆಯೋ ಉಳಿದ ಜಾಗಗಳ 11-ಬಿಯೋ, ವಾಟ್ನಿಯಲ್ಲಿ (ಪಾಲುಪತ್ರದಲ್ಲಿ) ಮುಂಬೈಯಲ್ಲಿರುವ ತಂಗಿಯ ಸಹಿ ಇದೆಯೋ ಇಲ್ಲವೋ ಎಂಬುದನ್ನೆಲ್ಲ ನೋಡಿ ಹೇಳುವುದು ದಲಾಲರ ಕೆಲಸವಲ್ಲ. ಕರಾರಿನಲ್ಲಿ ‘ಕಾಗದಪತ್ರ ಸರಿಯಿದೆ’ ಎಂದು ಬರೆಸಿಕೊಂಡವರು ಅದನ್ನೇ ನೆಚ್ಚಿ ವಕೀಲರ ಬಳಿ ಹೋಗುವುದನ್ನು ಬಿಡುತ್ತಾರೆ. ವ್ಯವಹಾರ ಆಗಲಿ, ಬಿಡಲಿ, ವಕೀಲರ ಶುಲ್ಕ ಒಂದೇ; ಆದ್ದರಿಂದ ‘ಈ ಮನೆ ಬೇಡ’ ಎನ್ನಲು ಅವರಿಗೆ ಅಡ್ಡಿಯಿಲ್ಲ. 30 ವರ್ಷದ ಋಣಭಾರ ಪತ್ರ, ಪಹಣಿ, ಮೂಲಪತ್ರ ಹಿಡಿದು ಮೊದಲು ಅಲ್ಲಿಗೆ ಹೋಗಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆಯಲ್ಲ ಎನ್ನಬಹುದು. 2016ರ ಆ ಕಾಯ್ದೆಯ 9ನೇ ಕಲಮು ಏಜೆಂಟರ ನೋಂದಣಿ ಕೇಳುವುದು ನೋಂದಾಯಿತ ಯೋಜನೆಗಳ ನಿವೇಶನ, ಫ್ಲ್ಯಾಟುಗಳ ಮಾರಾಟಕ್ಕೆ. ಅಂಥಲ್ಲಿ ನೋಂದಣಿ ಸಂಖ್ಯೆ ಕೇಳಿ, ಕರಾರೂ ಮಾಡಿಕೊಳ್ಳಿ, ತಕರಾರಿಲ್ಲ. ಅಂಕೋಲಾ, ಕುಮಟಾ ಕಡೆಯ ಹಳೆಯ ಬಿಡಿ ಮನೆಗೆ ಅದು ಅನ್ವಯಿಸದು; ಕರಾರು ಮುರಿದರೆ 45 ಸಾವಿರಕ್ಕಾಗಿ ಕೋರ್ಟು ಹತ್ತಬೇಕು.

ಮೂರು ಜನ ದಲಾಲರ ತಾಪತ್ರಯ ನಿಜ. ಅದಕ್ಕೆ ಆರು ತಿಂಗಳ ಕರಾರು ಬೇಡ, ಒಂದು ಹಾಳೆ ಸಾಕು: ಇಂಥ ಸರ್ವೆ ನಂಬರಿನ ಮನೆಗೆ ಒಟ್ಟು ದಲಾಲಿ ಇಷ್ಟು, ನೋಂದಣಿಯಾದರೆ ಮಾತ್ರ, ಮೂವರೂ ಹಂಚಿಕೊಳ್ಳತಕ್ಕದ್ದು. ಮೂವರ ಸಹಿ ಹಾಕಿಸಿ, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ.