ಚಿಕ್ಕಪ್ಪನ ಸಂಕ ಮತ್ತು ಕರ್ನಲ್ ನಿಕಲ್ಸನ್

ನಮ್ಮ ಮನೆಯವರಿಗೆ ಯುದ್ಧದ ಸಿನಿಮಾ ತೋರಿಸಬಾರದು. ಕಥೆ ಮರೆತುಹೋಗುತ್ತದೆ, ಯಾರ್ಯಾರಿಗೆ ಯುದ್ಧ ಆಯ್ತು ಅನ್ನೋದೂ ಮರೆತುಹೋಗುತ್ತದೆ. ಆದರೆ ಅದರಲ್ಲಿ ಯಾರಾದರೂ ಒಬ್ಬ ಮನಸ್ಸಿಗೆ ಹಿಡಿಸಿದ ಅಂದರೆ ಮುಗೀತು, ಅವನು ನಮ್ಮ ಮನೆಯಲ್ಲೇ ಠಿಕಾಣಿ ಹೂಡುತ್ತಾನೆ.

1990ರ ‘ಮುತ್ತಿನ ಹಾರ’ದಲ್ಲಿ ವಿಷ್ಣುವರ್ಧನ್ ಕೊಡಗಿನ ಸಿಪಾಯಿ ಅಚ್ಚಪ್ಪ ಆಗಿದ್ದರಲ್ಲ, ಅವರು ನಿಜವಾಗಿಯೂ ಮಿಲಿಟರಿ ಸೇರಿದ್ದಾರೆ ಅಂತಲೇ ನಮ್ಮಜ್ಜಿ ನಂಬಿದ್ದರು. ಆಮೇಲೆ ಟಿವಿಯ ಬೇರೆ ಸಿನಿಮಾದಲ್ಲಿ ಅವರು ಪಂಚೆ ಉಟ್ಟು ಹಾಡುತ್ತಿದ್ದರೆ, “ರಜೆ ಮೇಲೆ ಬಂದಿದಾನೆ ಅನ್ಸುತ್ತೆ, ಪಾಪ” ಅನ್ನೋರು.

ಅಮ್ಮನಿಗೆ ಗಂಟುಬಿದ್ದವನು ಭೈರೋನ್ ಸಿಂಗ್. 1997ರ ‘ಬಾರ್ಡರ್’. 1971ರ ಡಿಸೆಂಬರಿನಲ್ಲಿ ರಾಜಸ್ಥಾನದ ಲೋಂಗೇವಾಲಾದಲ್ಲಿ ನಮ್ಮವರು ಪಾಕಿಸ್ತಾನದ ಟ್ಯಾಂಕುಗಳನ್ನು ರಾತ್ರಿಯಿಡೀ ತಡೆದು ನಿಂತ ಕಥೆ. ಅಡಿಕೆ ಮಂಡಿ ಕೆಲಸಕ್ಕೆ ಅಂತ ಅಪ್ಪ ಶಿವಮೊಗ್ಗಕ್ಕೆ ಹೊರಟಾಗ ಅಮ್ಮನೂ ಜೊತೆಗೆ ಹೋಗಿ ನೋಡಿಬಂದಿದ್ದರು. ಥಿಯೇಟರಿನಿಂದ ಗಂಡಸರೆಲ್ಲ ಸನ್ನಿ ದೇವಲ್ ಆಗಿ, ಎದೆ ಉಬ್ಬಿಸಿಕೊಂಡು ಹೊರಗೆ ಬಂದರಂತೆ. ಅಮ್ಮ ಮಾತ್ರ ಸೆರಗಿನಲ್ಲಿ ಮೂಗು ಒರೆಸುತ್ತಾ ಬಂದರು. ಭೈರೋನ್ ಸಿಂಗ್ ಪಾತ್ರ ಮಾಡಿದ ಸುನಿಲ್ ಶೆಟ್ಟಿ ಸಿನಿಮಾದಲ್ಲಿ ಸತ್ತುಹೋಗಿದ್ದ. ಅವನೋ ಮುಲ್ಕಿ ಕಡೆಯವನು, ಘಟ್ಟ ಇಳಿದರೆ ನಮ್ಮವನೇ. ವಾಪಸ್ ಬಸ್ಸಿನಲ್ಲೂ ಅಳು ನಿಲ್ಲಲಿಲ್ಲ. ಕಂಡಕ್ಟರ್, “ಯಾರು ಹೋಗಿದ್ದು ಅಮ್ಮಾ?” ಅಂತ ಮೆಲ್ಲಗೆ ವಿಚಾರಿಸಿ, ಬಾಕಿ ಚಿಲ್ಲರೆಯನ್ನು ಕೇಳದೆಯೇ ಕೊಟ್ಟುಬಿಟ್ಟ. ಅದೊಂದು ಲಾಭ.

2022ರ ಡಿಸೆಂಬರಿನಲ್ಲಿ ಸುದ್ದಿ ಬಂತು: ಲೋಂಗೇವಾಲಾದಲ್ಲಿ ಹೋರಾಡಿದ ಬಿಎಸ್ಎಫ್‌ನ ಭೈರೋನ್ ಸಿಂಗ್ ರಾಥೋಡ್ ಜೋಧಪುರದಲ್ಲಿ ನಿಧನ. ಅಮ್ಮ ಕಾಫಿ ಲೋಟ ಕೆಳಗಿಟ್ಟರು.

“ಇಷ್ಟು ವರ್ಷ ಬದುಕೇ ಇದ್ರಾ?”

“ಇದ್ರು. ಸೇನಾ ಪದಕನೂ ಬಂದಿತ್ತು,” ಅಂದರು ಅಪ್ಪ.

“ಹಾಗಾದ್ರೆ ನಾನು ಅವತ್ತು ಅತ್ತಿದ್ದು ಯಾರಿಗೆ?”

“ಸುನಿಲ್ ಶೆಟ್ಟಿಗೆ.”

“ಅವನಿಗೇನಾಗಿದೆ, ಗಟ್ಟಿಮುಟ್ಟಾಗೇ ಇದಾನಲ್ಲ!”

ಸ್ವಲ್ಪ ಹೊತ್ತು ನಿರ್ದೇಶಕರಿಗೆ ಬೈದರು. ಆಮೇಲೆ ಮತ್ತೆ ಅತ್ತರು. ಈ ಸಲ ಸರಿಯಾದ ಮನುಷ್ಯನಿಗೆ. ನನಗಂತೂ ಆ ಮಹಾನುಭಾವರನ್ನು ನೆನೆದೇ ಕಸಿವಿಸಿ. ನಾವು ಸಾಯೋದನ್ನು ನಾವು ಬದುಕಿರುವಾಗಲೇ ದೇಶವೆಲ್ಲ ಟಿಕೆಟ್ ತಗೊಂಡು ನೋಡೋದು ಅಂದರೆ ಎಂಥ ಫಜೀತಿ ಅಲ್ವಾ?

ಚಿಕ್ಕಪ್ಪನದು ಬೇರೆ ಕೇಸು. ಕೇಸು ಅಂದರೆ ನಿಜವಾದ ಕೇಸೇ. ಹಳ್ಳದಾಚೆಯ ತೋಟದ ಹೆಗಡೇರ ಜೊತೆ ಸೊಪ್ಪಿನಬೆಟ್ಟದ ಗಡಿ ವಿಷಯಕ್ಕೆ ಸಾಗರದ ಕೋರ್ಟಿನಲ್ಲಿ ನಡೆಯುತ್ತಲೇ ಇದೆ. ಇಬ್ಬರಿಗೂ ಮಾತಿಲ್ಲ. ಹೆಗಡೇರು ಹಳ್ಳಕ್ಕೆ ಎರಡು ಅಡಿಕೆ ಮರ ಅಡ್ಡ ಹಾಕಿ ಅದನ್ನೇ ಸಂಕ, ಅಂದರೆ ಕಾಲುಸೇತುವೆ, ಅಂದುಕೊಂಡು ಓಡಾಡುತ್ತಿದ್ದರು. ಕಾಲಿಟ್ಟರೆ ಅದು ತೊಟ್ಟಿಲು. ಚಿಕ್ಕಪ್ಪನಿಗೆ ಶತ್ರು ಹಳ್ಳಕ್ಕೆ ಬಿದ್ದರೂ ಚಿಂತೆ ಇರಲಿಲ್ಲ, ಆದರೆ ಕೆಟ್ಟ ಕೆಲಸ ನೋಡಿಕೊಂಡು ಸುಮ್ನೆ ಇರೋಕೆ ಆಗಲಿಲ್ಲ. “ಹಾಗಾ ಸಂಕ ಹಾಕೋದು? ಎಂಥ ಮಾರಾಯ!” ಅಂತ, ಸ್ವಲ್ಪ ಕೆಳಗೆ ಎರಡೂ ದಡದಲ್ಲಿ ಬಂಡೆ ಇರುವ ಕಡೆ, ಬೈನೆ ಮರ ಹಾಕಿ, ಹಲಗೆ ಹೊಡೆದು, ಒಂದು ಬದಿಗೆ ಬಿದಿರಿನ ಕೈಹಿಡಿ ಕಟ್ಟಿ ಭರ್ಜರಿ ಸಂಕವನ್ನೇ ಹಾಕಿಬಿಟ್ಟರು. ಮರುದಿನದಿಂದ ಹೆಗಡೇರ ಅಡಿಕೆ ಮೂಟೆಯೆಲ್ಲ ಅದರ ಮೇಲೇ ದಾಟಿತು.

ಇಂಥವರಿಗೆ ನಾನು ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ತೋರಿಸಿದೆ. 1957ರ ಸಿನಿಮಾ, ಏಳು ಆಸ್ಕರ್ ಬಂದಿದೆ. ಅದರಲ್ಲಿ ಒಂದು ಕರ್ನಲ್ ನಿಕಲ್ಸನ್ ಆಗಿದ್ದ ಅಲೆಕ್ ಗಿನ್ನೆಸ್‌ಗೆ. ಜಪಾನಿನವರ ಕೈಗೆ ಸೆರೆ ಸಿಕ್ಕ ಇಂಗ್ಲಿಷ್ ಅಧಿಕಾರಿ ಇವನು. ಅವರ ಸೇತುವೆ ನೆಟ್ಟಗಿಲ್ಲ ಅಂತ ಜಾಗ ಬದಲಿಸಿ, ತಾನೇ ನಿಂತು ಚೆಂದದ ಸೇತುವೆ ಕಟ್ಟಿಸುತ್ತಾನೆ. ಅದರ ಮೇಲೆ ಹೋಗೋದು ಶತ್ರುವಿನ ರೈಲು ಅನ್ನೋದೇ ಅವನಿಗೆ ಮರೆತುಹೋಗಿರುತ್ತದೆ. ನಾವೆಲ್ಲ ಟಿವಿ ಬಿಟ್ಟು ಚಿಕ್ಕಪ್ಪನ ಮುಖ ನೋಡುತ್ತಿದ್ದೆವು. ಅವರು ಮಾತ್ರ ಕಂಬಗಳನ್ನು ನೋಡುತ್ತಿದ್ದರು. ಕೊನೆಗೆ ಇಂಗ್ಲಿಷರ ಕಡೆಯವರೇ ಬಂದು ಸಿಡಿಮದ್ದು ಇಡುತ್ತಾರೆ. ರಾತ್ರಿ ನದಿ ನೀರು ಇಳಿದು ವಯರ್ ಕಾಣಿಸಿಕೊಂಡಾಗ ಅದನ್ನು ಪತ್ತೆ ಹಚ್ಚುವವನು ನಿಕಲ್ಸನ್ನೇ. ಸೇತುವೆ ಹಾರಿಹೋದಾಗ ಚಿಕ್ಕಪ್ಪ, “ಥೂ, ಒಳ್ಳೆ ಕೆಲಸ ಹಾಳು ಮಾಡಿದ್ರು” ಅಂತ ಎದ್ದು ಹೋದರು.

ಅವತ್ತಿನಿಂದ ಮಲಗೋ ಮುಂಚೆ ಟಾರ್ಚ್ ಹಿಡಿದು ಸಂಕದ ತನಿಖೆ ಶುರುವಾಯಿತು. ಮಳೆಯಲ್ಲಿ ಉಂಬಳ ಕಚ್ಚಿಸಿಕೊಂಡಾದರೂ ಸರಿ.

ಈ ಕಡೆ ಅವರ ಮಗನಿಗೆ ಕೋರ್ಟಿಗಿಂತ ಕೈಕೆಲಸದ ಮೇಲೆ ನಂಬಿಕೆ ಜಾಸ್ತಿ. ಒಂದು ರಾತ್ರಿ ಗೆಳೆಯನನ್ನು ಕರೆದುಕೊಂಡು ಹಲಗೆ ಕೀಳೋಕೆ ಹೋಗಿದ್ದ. ಎರಡನೇ ಹಲಗೆ ಕೀಳುವಾಗ ಟಾರ್ಚ್ ಬೆಳಕು ಮುಖಕ್ಕೆ ಬಿತ್ತು. ಚಿಕ್ಕಪ್ಪ ಮಗನಿಗೆ ಒಂದು ಮಾತೂ ಹೇಳಲಿಲ್ಲ. ಹಳ್ಳದಾಚೆಗೆ ತಿರುಗಿ ಕೂಗಿದರು: “ಹೋಯ್ ಹೆಗಡೇರೇ! ಓಡಿ ಬನ್ನಿ, ಸಂಕ ಕೀಳ್ತಿದಾರೆ!”

ಹೆಗಡೇರು ಕೊಡೆ ಹಿಡಿದು ಓಡಿಬಂದರು. ವಾದಿ, ಪ್ರತಿವಾದಿ ಇಬ್ಬರೂ ಸೇರಿ ಹುಡುಗರಿಗೆ ಬೈದು, ಹಲಗೆಯನ್ನು ಮತ್ತೆ ಜೋಡಿಸಿದರು. ಹೋಗುವಾಗ ಹೆಗಡೇರು ಸಂಕವನ್ನು ಒಮ್ಮೆ ಅಲುಗಾಡಿಸಿ ನೋಡಿ, “ಕೈಹಿಡಿ ಇನ್ನೊಂದು ಬದಿಗೂ ಇದ್ದಿದ್ರೆ ಆಗ್ತಿತ್ತು” ಅಂದರಂತೆ.

ಬೆಳಿಗ್ಗೆ ಕಾಫಿಗೆ ಕರೆಯಲು ಹೋದರೆ ಚಿಕ್ಕಪ್ಪ ಇಲ್ಲ. ಬಿದಿರು ಕಡಿಯೋಕೆ ಹೋಗಿದ್ದರು. ಹೊರೋಕೆ ಮಗನನ್ನೂ ಎಬ್ಬಿಸಿಕೊಂಡು.